ಬೊಗಳದ ನಾಯಿಗೆ ಬಾಡಿಗೆ ಮನೆ

ಸ್ಟಾಮೆನ್ ಇಪ್ಪತ್ತನಾಲ್ಕು ವರ್ಷ ಒಂದೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಬಲ್ಗೇರಿಯದ ವಾಯವ್ಯ ಮೂಲೆಯ ಗುಡ್ಡಗಳ ನಡುವೆ, ದಿನಕ್ಕೆ ನಾಲ್ಕೇ ಗಾಡಿ ಬಂದು ಹೋಗುತ್ತಿದ್ದ ಸ್ಟೇಷನ್ನು ಅದು. ಗಾಡಿ ಬರುವ ಹೊತ್ತಿಗೆ ಸರಿಯಾಗಿ ಹಳಿ ಬದಲಿಸುವುದು, ಬಾವುಟ ಹಿಡಿದು ನಿಲ್ಲುವುದು, ಚಳಿಗಾಲದಲ್ಲಿ ಹಳಿಗಳ ಸಂದಿಯಲ್ಲಿ ಕೂತ ಹಿಮವನ್ನು ಗುಡಿಸಿ ತೆಗೆಯುವುದು ಅವನ ಕೆಲಸ. ಮಾತು ಕಡಿಮೆ, ಸಿಟ್ಟೂ ಕಡಿಮೆ. ಆದರೆ ಒಂದು ಕೆಲಸಕ್ಕೆ ಕೈ ಹಾಕಿದರೆ ಅದು ಆಗುವವರೆಗೆ ಬಿಡುವ ಜಾಯಮಾನ ಅವನದಲ್ಲ. ಅವನ ಈ ತಾಳ್ಮೆಯನ್ನು ಊರಲ್ಲಿ ಎಲ್ಲರೂ ಹೊಗಳುತ್ತಿದ್ದರು. ಮುಂದೊಂದು ದಿನ ಅದೇ ತಾಳ್ಮೆಯನ್ನು ನೆನೆಸಿಕೊಂಡು ಅವನು ತಲೆ ತಗ್ಗಿಸಬೇಕಾಯಿತು.

ಅವನ ಹತ್ತಿರ ಒಂದು ಬೇಟೆನಾಯಿ ಇತ್ತು. ಕರಿ ಬೆನ್ನು, ಕಂದು ಕಾಲು, ಇಳಿಬಿದ್ದ ಕಿವಿ. ಅದರ ಹೆಸರು ಗಾಯ್ದಾ. ಗಾಯ್ದಾ ಎಂದರೆ ಅಲ್ಲಿಯ ಮದುವೆಮನೆಗಳಲ್ಲಿ ಆಡಿನ ಚರ್ಮದ ಚೀಲಕ್ಕೆ ಗಾಳಿ ತುಂಬಿ ಊದುವ ವಾದ್ಯ. ಮರಿಯಾಗಿದ್ದಾಗಲೇ ಅದರ ದನಿ ಕೇಳಿ ಸ್ಟಾಮೆನ್‌ನ ಹೆಂಡತಿ ರಾಡ್ಕಾಳ ತಮ್ಮ ಡೆಂಚೊ ಆ ಹೆಸರಿಟ್ಟಿದ್ದ. ಮೊಲದ ಜಾಡು ಸಿಕ್ಕಿತೆಂದರೆ ಗಾಯ್ದಾ ಕತ್ತೆತ್ತಿ ಕೂಗು ಹಾಕುತ್ತಿತ್ತು. ಆ ಕೂಗು ಒಂದು ಗುಡ್ಡದಿಂದ ಹೊರಟು ಎರಡನೆಯ ಗುಡ್ಡಕ್ಕೆ ಕೇಳಿಸುತ್ತಿತ್ತು. ಬೇಟೆಗೆ ಹೋದವರು ಕಾಡಿನ ಅಂಚಿನಲ್ಲಿ ಸಿಗರೇಟು ಹಚ್ಚಿಕೊಂಡು ನಿಂತು, "ಈಗ ಹಳ್ಳ ದಾಟಿದಳು, ಈಗ ಹಳೇ ಗಿರಣಿ ಹತ್ರ ತಿರುಗಿದಳು" ಎಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದರು. ಸ್ಟಾಮೆನ್ ಕೋವಿ ಹಿಡಿದು ಹೋಗುತ್ತಿದ್ದನೇ ಹೊರತು ಹೊಡೆಯುತ್ತಿದ್ದುದು ಅಪರೂಪ. ಅವನಿಗೆ ಆ ಕೂಗು ಕೇಳಿದರೆ ಸಾಕಿತ್ತು.

ಹೆಂಡತಿ ರಾಡ್ಕಾ ಪಕ್ಕದ ಪೇಟೆಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳಾಗಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಗಡಿಯಾಚೆ ಗ್ರೀಸಿನ ಥೆಸಲೊನೀಕಿಗೆ ಹೋಗಿ, ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಕೋಣೆಯಲ್ಲಿದ್ದಳು. ಎರಡು ವರ್ಷವಾದ ಮೇಲೆ ಸ್ಟಾಮೆನ್‌ನ ಲೈನೂ ನಿಂತುಹೋಯಿತು. ಕೊನೆಯ ಗಾಡಿ ಹೋದ ಮಾರನೆಯ ವಾರವೇ ಯಾರೋ ಬಂದು ಸ್ಟೇಷನ್ನಿನ ಕಿಟಕಿಗಳಿಗೆ ಹಲಗೆ ಹೊಡೆದರು. ಸ್ಟಾಮೆನ್ ಒಂದು ತಿಂಗಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ರಾಡ್ಕಾಳಿಗೆ ಫೋನ್ ಮಾಡಿ, "ಬರ್ತೀನಿ. ಗಾಯ್ದಾನೂ ಕರ್ಕೊಂಡು ಬರ್ತೀನಿ" ಎಂದ.

"ಅವಳನ್ನ ಡೆಂಚೊ ಹತ್ರ ಬಿಟ್ಟು ಬಾ" ಎಂದಳು ರಾಡ್ಕಾ.

"ಅವಳಿಲ್ದೆ ಬರಲ್ಲ."

ಅವನ ಹಟ ಗೊತ್ತಿದ್ದುದರಿಂದ ಅವಳು ಮತ್ತೆ ಹೇಳಲಿಲ್ಲ. ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದಾಯಿತು, ಕತ್ತಿನ ಚರ್ಮದಡಿ ಚಿಪ್ ಕೂತಿತು, ಫೋಟೋ ಅಂಟಿಸಿದ ನೀಲಿ ಪಾಸ್‌ಪೋರ್ಟ್ ಬಂತು. ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಡೆಂಚೊ ತನ್ನ ಹಳೇ ಕಾರಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೊರಟ. ಗಡಿಯಲ್ಲಿ ಪೊಲೀಸನೊಬ್ಬ ಕಿಟಕಿಯೊಳಗೆ ಬಗ್ಗಿದಾಗ ಗಾಯ್ದಾ ಎಂಥ ದನಿ ತೆಗೆಯಿತೆಂದರೆ, ಅವನು ಪಾಸ್‌ಪೋರ್ಟ್ ಬಿಡಿಸಿಯೂ ನೋಡದೆ ಕೈಬೀಸಿ ಮುಂದೆ ಕಳಿಸಿದ. ಡೆಂಚೊ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕ.

ಥೆಸಲೊನೀಕಿಯ ಪಶ್ಚಿಮದ ತುದಿಯಲ್ಲಿ ಅವರ ಕಡೆಯವನೇ ಆದ ಗೆತ್ಸೊ ಎಂಬವನು ಟೈರ್ ಅಂಗಡಿ ಇಟ್ಟುಕೊಂಡಿದ್ದ. ಅಂಗಡಿಯ ಹಿಂದಿನ ಉಗ್ರಾಣವನ್ನು ಖಾಲಿ ಮಾಡಿ, "ಎರಡು ತಿಂಗಳು ಇರಿ. ಅದಾದ್ಮೇಲೆ ಚಳಿಗಾಲದ ಟೈರು ಬರುತ್ತೆ, ನನಗೆ ಜಾಗ ಬೇಕು" ಎಂದ. ರಾಡ್ಕಾ ತನ್ನ ಕೋಣೆ ಬಿಟ್ಟು ಅಲ್ಲಿಗೇ ಬಂದಳು. ಮಾರನೆಯ ದಿನದಿಂದ ಮನೆ ಹುಡುಕುವ ಕೆಲಸ ಶುರುವಾಯಿತು.

ಆ ಊರಿನಲ್ಲಿ ಬಾಡಿಗೆಗೆ ಮನೆ ಖಾಲಿಯಿದ್ದರೆ ಬಾಗಿಲಿಗೆ, ಲೈಟುಕಂಬಕ್ಕೆ ಹಳದಿ ಚೀಟಿ ಅಂಟಿಸುತ್ತಾರೆ. ಸ್ಟಾಮೆನ್‌ಗೆ ಗ್ರೀಕ್ ಅಕ್ಷರ ಬರುತ್ತಿರಲಿಲ್ಲ. ಚೀಟಿಯ ಬಣ್ಣ ನೋಡಿ ನಂಬರು ಬರೆದುಕೊಳ್ಳುತ್ತಿದ್ದ. ಬೆಳಿಗ್ಗೆ ಗಾಯ್ದಾಳ ಹಗ್ಗ ಹಿಡಿದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಹತ್ತು ಹನ್ನೆರಡು ನಂಬರು ಸೇರಿರುತ್ತಿದ್ದವು. ಅವುಗಳಲ್ಲಿ ಒಂದೆರಡು ಮಾರಾಟದ ಮನೆಗಳು, ಒಂದು ಸಲ ಕಳೆದುಹೋದ ಗಿಣಿಯದು. ಸಂಜೆ ರಾಡ್ಕಾ ಲಾಂಡ್ರಿಯಿಂದ ಬಂದು, ಶೂ ಕೂಡ ಬಿಚ್ಚದೆ ಟೈರಿನ ರಾಶಿಯ ಮೇಲೆ ಕೂತು ಒಂದೊಂದೇ ನಂಬರಿಗೆ ಫೋನ್ ಮಾಡುತ್ತಿದ್ದಳು.

"ಇಬ್ಬರೇ ಅಮ್ಮಾ, ನಾನು ನನ್ನ ಗಂಡ. ಹೌದು, ನನಗೆ ಹೋಟೆಲಲ್ಲಿ ಕೆಲಸ ಇದೆ. ಇಲ್ಲ, ಗಲಾಟೆ ಏನೂ ಇಲ್ಲ. ಒಂದು ನಾಯಿ ಇದೆ." ಅಲ್ಲಿಗೆ ನಿಲ್ಲಿಸಿ ಫೋನನ್ನು ಕಿವಿಯಿಂದ ತೆಗೆದು ನೋಡುತ್ತಿದ್ದಳು. ಬಹಳ ಸಲ ಆ ಕಡೆಯವರು ಆಗಲೇ ಇಟ್ಟಿರುತ್ತಿದ್ದರು.

ಮನೆ ತೋರಿಸುವಷ್ಟು ದೂರ ಬಂದವರೂ ಇದ್ದರು. ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ ಗಾಯ್ದಾಳನ್ನು ನೋಡಿ, "ಎಷ್ಟು ಕಿಲೋ?" ಎಂದು ಕೇಳಿದರು. ಹತ್ತೊಂಬತ್ತು ಎಂದಳು ರಾಡ್ಕಾ. "ಐದು ಕಿಲೋ ಒಳಗಿದ್ದಿದ್ರೆ ನೋಡಬಹುದಿತ್ತು" ಎಂದರು ಮೇಷ್ಟ್ರು. ಮೆಟ್ಟಿಲಿಳಿಯುವಾಗ ಸ್ಟಾಮೆನ್ ಹೆಂಡತಿಯನ್ನು ಕೇಳಿದ, "ಮಿಕ್ಕಿದ ಹದಿನಾಲ್ಕು ಕಿಲೋನ ಎಲ್ಲಿ ಬಿಟ್ಟು ಬರಬೇಕಂತೆ?"

ಇನ್ನೊಬ್ಬ ಯಜಮಾನ, ನಾಯಿ ಇದ್ದರೆ ತನ್ನದೇನೂ ಅಭ್ಯಂತರವಿಲ್ಲ, ಆದರೆ ಬಲ್ಗೇರಿಯದವರಿಗೆ ಕೊಡುವುದಿಲ್ಲ ಎಂದ. ರಾಡ್ಕಾ ಬಸ್ ಸ್ಟಾಪಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಗಾಯ್ದಾ ಒಬ್ಬಳೇ ಹೋಗಿದ್ರೆ ಮನೆ ಸಿಕ್ತಿತ್ತು ಕಣೋ" ಎಂದಳು. ಔಷಧಿ ಅಂಗಡಿಯವಳೊಬ್ಬಳು ಮಾತ್ರ ಎಲ್ಲಕ್ಕೂ ಒಪ್ಪಿ ಬೀಗದಕೈ ಕೊಡಲು ಪರ್ಸು ತೆರೆದಿದ್ದಳು. ಅಷ್ಟರಲ್ಲಿ ರಸ್ತೆಯಲ್ಲಿ ಮೊಪೆಡ್ ಒಂದು ಹೋಯಿತು. ಗಾಯ್ದಾ ಕತ್ತೆತ್ತಿ ಒಂದೇ ಒಂದು ಕೂಗು ಹಾಕಿತು. ಮೆಟ್ಟಿಲ ಗೂಡಿನಲ್ಲಿ ಆ ದನಿ ಐದು ಮಹಡಿ ಹತ್ತಿ ಇಳಿಯಿತು. ನಾಲ್ಕು ಬಾಗಿಲು ತೆರೆದುಕೊಂಡವು. ಅವಳು ಪರ್ಸು ಮುಚ್ಚಿದಳು.

ಐದನೆಯ ವಾರ ಗೆತ್ಸೊ ಯಾರನ್ನೋ ಕೇಳಿ ಒಂದು ವಿಳಾಸ ತಂದ. ರಾಡ್ಕಾಳಿಗೆ ರಜೆಯಿರಲಿಲ್ಲ. ಸ್ಟಾಮೆನ್ ಒಬ್ಬನೇ ಗಾಯ್ದಾಳ ಜೊತೆ ನಡೆದು ಹೋದ. ಗೂಡ್ಸ್ ಯಾರ್ಡಿನ ಗೋಡೆಗೆ ಒತ್ತಿಕೊಂಡು ಎರಡು ಕೋಣೆಯ ಹಳೆಯ ಮನೆ. ತಗಡಿನ ಮಾಡಿನ ಅಡುಗೆಮನೆ, ಸುತ್ತ ಬೇಲಿ, ಅಂಗಳದಲ್ಲೊಂದು ದ್ರಾಕ್ಷಿ ಚಪ್ಪರ. ಯಜಮಾನನ ಹೆಸರು ಸಾವಾಸ್. ಜಾರ್ಜಿಯಾದಲ್ಲಿ ಹುಟ್ಟಿ ಬೆಳೆದು, ನಡುವಯಸ್ಸಿನಲ್ಲಿ ಗ್ರೀಸಿಗೆ ಬಂದು ನೆಲೆಸಿದ ಗ್ರೀಕ. ಅವನಿಗೆ ರಷ್ಯನ್ ಬರುತ್ತಿತ್ತು. ಸ್ಟಾಮೆನ್ ಶಾಲೆಯಲ್ಲಿ ರಷ್ಯನ್ ಕಲಿತಿದ್ದ. ಎಷ್ಟೋ ದಿನಗಳ ಮೇಲೆ ಹೆಂಡತಿಯ ಸಹಾಯವಿಲ್ಲದೆ ಒಬ್ಬ ಹೊಸ ಮನುಷ್ಯನ ಜೊತೆ ಮಾತಾಡಿದ.

"ಬೊಗಳುತ್ತಾ?" ಎಂದ ಸಾವಾಸ್.

"ಬೊಗಳ್ತಾಳೆ. ಸ್ವಲ್ಪ ಜಾಸ್ತಿನೇ."

"ಬೊಗಳಲಿ ಬಿಡು ಮಾಸ್ತೊರಾ. ಈ ಗೂಡ್ಸ್ ಗಾಡಿ ಸದ್ದಲ್ಲಿ ನನ್ನ ಹೆಂಡ್ತಿ ಬಯ್ಯೋದೇ ನನಗೆ ಕೇಳ್ಸಲ್ಲ, ನಿನ್ನ ನಾಯಿ ಕೂಗು ಯಾರಿಗೆ ಕೇಳ್ಸುತ್ತೆ?" ಕೈಕೆಲಸದವರನ್ನು ಅಲ್ಲಿ ಮರ್ಯಾದೆಯಿಂದ ಕರೆಯುವುದು ಹಾಗೆ, ಮಾಸ್ತೊರಾ ಎಂದು. ಸಾವಾಸ್ ಒಳಗೆ ಹೋಗಿ ಎರಡು ಪುಟ್ಟ ಲೋಟದಲ್ಲಿ ಚೀಪುರೊ ಎಂಬ ದ್ರಾಕ್ಷಿ ಸಾರಾಯಿ ತಂದ. ಗಾಯ್ದಾ ಆಗಲೇ ಹಗ್ಗ ಎಳೆದುಕೊಂಡು ಅಂಗಳದ ನಾಲ್ಕು ಮೂಲೆಗಳನ್ನೂ ಮೂಸಿ ಬಂದು, ಚಪ್ಪರದ ಕೆಳಗೆ ಕಾಲು ಚಾಚಿ ಮಲಗಿತ್ತು.

ಅದೇ ಹೊತ್ತಿಗೆ ಗೋಡೆಯ ಆಚೆ ಇಂಜಿನ್ನೊಂದು ಸೀಟಿ ಹಾಕಿತು. ಸ್ಟಾಮೆನ್ ಲೋಟ ಹಿಡಿದುಕೊಂಡೇ ಬೇಲಿಯ ಹತ್ತಿರ ಹೋಗಿ ನೋಡಿದ. ಕಿತ್ತಳೆ ಬಣ್ಣದ ಅಂಗಿ ತೊಟ್ಟವನೊಬ್ಬ ಹಳಿ ಬದಲಿಸುವ ಸನ್ನೆಕೋಲಿಗೆ ಮೈಭಾರ ಹಾಕಿ ಒತ್ತುತ್ತಿದ್ದ. ಒತ್ತಬೇಕಾದದ್ದು ಹಾಗಲ್ಲ, ಸೊಂಟದಿಂದ ಒತ್ತಬೇಕು. ಸ್ಟಾಮೆನ್‌ನ ಕೈ ತಾನಾಗಿ ಮುಂದೆ ಬಂತು. ಆ ಮನುಷ್ಯ ತಿರುಗಿ ನೋಡಿದ. ಬೇಲಿಯಾಚೆ ನಿಂತು ಗಾಡಿ ನೋಡುವ ಕೆಲಸವಿಲ್ಲದ ಮುದುಕರಿಗೆ ತೋರುವಂತೆ ಇವನಿಗೂ ಒಮ್ಮೆ ಕೈಯೆತ್ತಿ ತೋರಿ, ತನ್ನ ಕೆಲಸಕ್ಕೆ ಮರಳಿದ.

ಸ್ಟಾಮೆನ್ ಲೋಟವನ್ನು ತಂದು ಕಟ್ಟೆಯ ಮೇಲಿಟ್ಟ. ಅದರಲ್ಲಿ ಅರ್ಧ ಹಾಗೇ ಇತ್ತು. "ಹೆಂಡ್ತಿನ ಕೇಳಿ ಹೇಳ್ತೀನಿ" ಎಂದ.

ಆ ಸಂಜೆ ರಾಡ್ಕಾ ಕೇಳಿದಾಗ, "ತೇವ. ಗೋಡೆ ತುಂಬಾ ಬೂಸ್ಟು. ನಿನ್ನ ಎದೆಗೆ ಆಗಲ್ಲ" ಎಂದ. ಗೋಡೆಗಳಿಗೆ ಸುಣ್ಣ ಹೊಡೆದು ಒಂದು ತಿಂಗಳೂ ಆಗಿರಲಿಲ್ಲ. ಹೆಂಡತಿಗೆ ಅವನು ಹಾಗೆ ಮುಖ ನೋಡಿ ಸುಳ್ಳು ಹೇಳಿದ್ದು ಅದೇ ಮೊದಲು. ಅವಳು ನಂಬಿದಳು.

ಮುಂದಿನ ವಾರ ಊರಿನ ಪೂರ್ವಕ್ಕೆ, ತೂಂಬಾ ಎಂಬ ಬಡಾವಣೆಯಲ್ಲಿ ಮೂರನೆಯ ಮಹಡಿಯ ಮನೆಯೊಂದನ್ನು ನೋಡಲು ಹೋದರು. ಯಜಮಾನಿ ಕೆಳಗಿನ ಮಹಡಿಯಲ್ಲೇ ಇದ್ದಳು. ಎಪ್ಪತ್ತು ದಾಟಿದ, ನೆಟ್ಟಗೆ ನಡೆಯುವ ಹೆಂಗಸು. ಎಲ್ಲರೂ ಅವಳನ್ನು ಕೀರಿಯಾ ಎವಾಂಥಿಯಾ ಎನ್ನುತ್ತಿದ್ದರು. ಕೀರಿಯಾ ಎಂದರೆ ನಮ್ಮಲ್ಲಿ ಅಮ್ಮಾವ್ರು ಎಂದ ಹಾಗೆ. ಮನೆ ಚೊಕ್ಕಟವಾಗಿತ್ತು. ಬಾಲ್ಕನಿಯಲ್ಲಿ ನಿಂತರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ಅಗಲದ ಸಮುದ್ರ ಕಾಣುತ್ತಿತ್ತು. ಗಾಯ್ದಾಳನ್ನು ಆ ದಿನ ಗೆತ್ಸೊನ ಅಂಗಡಿಯಲ್ಲೇ ಕಟ್ಟಿ ಬಂದಿದ್ದರು.

ಎವಾಂಥಿಯಾ ಎಲ್ಲ ವಿಚಾರಿಸಿದ ಮೇಲೆ, "ಸಾಕುಪ್ರಾಣಿ ಏನಾದ್ರೂ?" ಎಂದಳು.

ರಾಡ್ಕಾ ಬಾಯಿ ತೆರೆಯುವಷ್ಟರಲ್ಲಿ ಸ್ಟಾಮೆನ್, "ಓಹಿ" ಎಂದುಬಿಟ್ಟ. ಇಲ್ಲ. ಗ್ರೀಕಿನಲ್ಲಿ ತಡವರಿಸದೆ ಅವನಾಡಿದ ಮೊದಲ ಮಾತು ಅದು.

ವಾಪಸು ಬರುವಾಗ ಬಸ್ಸಿನಲ್ಲಿ ರಾಡ್ಕಾ ಅವನ ಕಡೆ ತಿರುಗದೆ ಕೇಳಿದಳು, "ಅವಳನ್ನ ಏನ್ ಮಾಡ್ತೀಯ? ಬೀರುವಿನಲ್ಲಿ ಮಡಚಿ ಇಡ್ತೀಯಾ?"

"ಕಲಿಸ್ತೀನಿ."

"ಏನ್ನ?"

"ಸುಮ್ನಿರೋದನ್ನ. ಮೂರು ವಾರ ಇದೆಯಲ್ಲ."

ಹಳೆಯ ಬಾಡಿಗೆದಾರರು ಖಾಲಿ ಮಾಡಲು ಮೂರು ವಾರ ಬಾಕಿಯಿತ್ತು. ಆ ಮೂರು ವಾರ ಸ್ಟಾಮೆನ್ ಉಗ್ರಾಣದ ಬಾಗಿಲು ಹಾಕಿಕೊಂಡು ನಾಯಿಯ ಜೊತೆ ಕೂತ. ಹೊರಗೆ ಹೆಜ್ಜೆ ಸದ್ದಾದರೆ ಗಾಯ್ದಾಳ ಗಂಟಲು ಉಬ್ಬುತ್ತಿತ್ತು. ಕೂಗು ಹೊರಡುವ ಮೊದಲೇ ಸ್ಟಾಮೆನ್ ಅದರ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚಿ, ಕಿವಿಯ ಹತ್ತಿರ ಮೆಲ್ಲಗೆ, "ಸುಮ್ನೆ" ಎನ್ನುತ್ತಿದ್ದ. ಹೊಡೆಯಲಿಲ್ಲ, ಗದರಲಿಲ್ಲ. ಸುಮ್ಮನಾದರೆ ಒಂದು ಚೂರು ಸಾಸೇಜು. ಗೆತ್ಸೊನ ಅಂಗಡಿಯ ಕೆಲಸದವರನ್ನು ಕೇಳಿಕೊಂಡು ಬಾಗಿಲ ಮುಂದೆ ಹೋಗಿ ಬಂದು ಮಾಡಿಸಿದ. ಮೊದಮೊದಲು ಒಬ್ಬ, ಆಮೇಲೆ ಇಬ್ಬರು, ಆಮೇಲೆ ಜೋರಾಗಿ ಮಾತಾಡುತ್ತಾ, ಕೊನೆಗೆ ಗಾಯ್ದಾಳ ಹೆಸರು ಹಿಡಿದು ಕೂಗುತ್ತಾ. ಪ್ರತಿ ಸಲವೂ ಹೆಜ್ಜೆ ಬಂದಾಗ ಸುಮ್ನೆ, ಹೆಜ್ಜೆ ಹೋದ ಮೇಲೆ ಸಾಸೇಜು. ಹತ್ತನೆಯ ದಿನಕ್ಕೆ ಗಾಯ್ದಾ ಹೆಜ್ಜೆ ಕೇಳಿದರೆ ತಾನಾಗಿ ಮೂತಿಯನ್ನು ಮುಂಗಾಲುಗಳ ನಡುವೆ ಇಟ್ಟು ಮಲಗುವುದನ್ನು ಕಲಿಯಿತು. ಇಪ್ಪತ್ತನೆಯ ದಿನ ಗೆತ್ಸೊ ಬಾಗಿಲ ಹೊರಗೆ ಟೈರಿಗೆ ಕಬ್ಬಿಣದ ಸಲಾಕೆಯಲ್ಲಿ ಬಡಿದ. ಒಳಗಿನಿಂದ ಉಸಿರೂ ಕೇಳಲಿಲ್ಲ.

"ನೀನು ಸರ್ಕಸ್ಸಿಗೆ ಸೇರಬೇಕಿತ್ತು" ಎಂದ ಗೆತ್ಸೊ. ಸ್ಟಾಮೆನ್‌ಗೆ ಹೆಮ್ಮೆಯಾಯಿತು. ಆ ಹೆಮ್ಮೆ ಅವನಿಗೆ ಕೊನೆಯವರೆಗೂ ಮರೆಯಲಿಲ್ಲ.

ತೂಂಬಾದ ಮನೆಯಲ್ಲಿ ಸಂಸಾರ ಶುರುವಾಯಿತು. ಸ್ಟಾಮೆನ್‌ಗೆ ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಇಳಿಸುವ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಗಾಯ್ದಾಳನ್ನು ಲಿಫ್ಟಿಗೆ ಹತ್ತಿಸದೆ ಮೆಟ್ಟಿಲಲ್ಲಿ ಇಳಿಸಿ, ಮೂರು ಬೀದಿ ಆಚೆ ಕರೆದೊಯ್ದು, ಯಾರ ಕಣ್ಣಿಗೂ ಬೀಳದೆ ವಾಪಸು ತರುತ್ತಿದ್ದ. ರಾಡ್ಕಾ ದಿನಾ ಮೆಟ್ಟಿಲು ಗುಡಿಸುತ್ತಿದ್ದಳು. ಎವಾಂಥಿಯಾ ಅದನ್ನು ನೋಡಿ, ಇಷ್ಟು ಶುಚಿಯಾದ ಬಾಡಿಗೆದಾರರು ಸಿಕ್ಕಿದ್ದು ತನ್ನ ಅದೃಷ್ಟ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ರಾಡ್ಕಾ ಗುಡಿಸುತ್ತಿದ್ದುದು ನಾಯಿಯ ಕೂದಲು.

ಬಾಲ್ಕನಿಗೆ ಹೋಗಲು ಗಾಯ್ದಾಳಿಗೆ ಅಪ್ಪಣೆ ಇರಲಿಲ್ಲ. ಗಾಜಿನ ಬಾಗಿಲಿನ ಒಳಗೆ ಕೂತು ಹೊರಗೆ ನೋಡುತ್ತಿತ್ತು. ಬೆಕ್ಕು ಹೋಗುತ್ತಿತ್ತು, ಮೊಪೆಡ್ ಹೋಗುತ್ತಿತ್ತು, ಎದುರಿನ ಬಾಲ್ಕನಿಯ ಬಿಳಿ ಮುದ್ದುನಾಯಿ ದಿನವಿಡೀ ಬೊಗಳುತ್ತಿತ್ತು. ಗಾಯ್ದಾ ನೋಡುತ್ತಿತ್ತು, ಅಷ್ಟೇ. ಗಾಜಿನ ಮೇಲೆ ಅದರ ಮೂಗಿನೆತ್ತರಕ್ಕೆ ಒಂದು ಮಸುಕು ಗುರುತು ಬಿದ್ದಿತ್ತು. ಅದನ್ನೂ ರಾಡ್ಕಾ ಒರೆಸುತ್ತಿದ್ದಳು.

ಎರಡನೆಯ ವರ್ಷದ ವಸಂತದಲ್ಲಿ ಒಂದು ಭಾನುವಾರ ಊರಿನ ಮೇಲಿನ ಪೈನ್ ತೋಪಿಗೆ ಹೋಗಿದ್ದರು. ಪೊದೆಯಿಂದ ಮೊಲವೊಂದು ಎದ್ದು ಓಡಿತು. ಗಾಯ್ದಾ ಬಾಣದಂತೆ ಬೆನ್ನಟ್ಟಿತು. ಸ್ಟಾಮೆನ್ ನಿಂತಲ್ಲೇ ನಿಂತು ಕಣ್ಣು ಮುಚ್ಚಿದ. ತೋಪಿನಲ್ಲಿ ಗಾಳಿಯ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗಾಯ್ದಾ ತೇಕುತ್ತಾ ವಾಪಸು ಬಂತು. ಅವನು ಮಂಡಿಯೂರಿ, ಅದರ ಕತ್ತು ಸವರಿ, "ಕೂಗು. ಇಲ್ಲಿ ಕೂಗಬಹುದು. ಕೂಗು ಮಗಳೇ" ಎಂದ. ಗಾಯ್ದಾ ಕಿವಿ ಹಿಂದಕ್ಕೆ ಮಾಡಿ, ಮೂತಿಯನ್ನು ಮುಂಗಾಲುಗಳ ನಡುವೆ ಇಟ್ಟು ಮಲಗಿತು. ಆಮೇಲೆ ತಲೆಯೆತ್ತಿ ಅವನ ಜೇಬನ್ನು ನೋಡಿತು, ಸಾಸೇಜಿಗಾಗಿ.

ರಾಡ್ಕಾ ಮುಖ ತಿರುಗಿಸಿಕೊಂಡಳು. ಮಾರನೆಯ ವಾರ ಸ್ಟಾಮೆನ್ ಯಾರಿಗೂ ಹೇಳದೆ ಗೂಡ್ಸ್ ಯಾರ್ಡಿನ ಕಡೆ ಹೋಗಿ ಬಂದ. ಸಾವಾಸ್‌ನ ಮನೆಯಲ್ಲಿ ಬೇರೆ ಸಂಸಾರ ಇತ್ತು. ಚಪ್ಪರದ ಕೆಳಗೆ ಮಕ್ಕಳ ಬಟ್ಟೆ ಒಣಗುತ್ತಿತ್ತು.

ನಾಲ್ಕನೆಯ ಚಳಿಗಾಲ ಕ್ರಿಸ್ಮಸ್ಸಿಗೆ ಇಬ್ಬರೂ ನಾಯಿಯ ಜೊತೆ ಊರಿಗೆ ಹೋದರು. ಡೆಂಚೊ ಬೇಟೆಗೆ ಎಲ್ಲ ಸಜ್ಜು ಮಾಡಿದ್ದ. "ಭಾವ, ನಮ್ಮ ನಾಯಿಗಳೆಲ್ಲಾ ಮೂಗರು. ಗಾಯ್ದಾ ದನಿ ಕೇಳಿ ನಾಲ್ಕು ವರ್ಷ ಆಯ್ತು" ಎಂದ. ಸ್ಟಾಮೆನ್ ನಿಜ ಹೇಳಲಿಲ್ಲ. ಕಾಡಿಗೆ ಬಂದರೆ, ಹಳೆಯ ಜಾಡು ಸಿಕ್ಕಿದರೆ, ದನಿ ತಾನಾಗಿ ಬರಬಹುದೆಂಬ ಆಸೆ ಅವನಿಗೆ.

ಹಳೇ ಗಿರಣಿಯ ಮೇಲೆ ಬಿಟ್ಟರು. ಗಾಯ್ದಾ ನೆಲ ಮೂಸಿ, ಬಾಲ ಬಿರುಸಾಗಿ ಆಡಿಸಿ, ಮರಗಳೊಳಗೆ ನುಗ್ಗಿತು. ಬೇಟೆಗಾರರು ಕಿವಿಗೊಟ್ಟು ನಿಂತರು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. "ಎಲ್ಲೋದಳು ಇವಳು?" ಎಂದ ಡೆಂಚೊ. ಅಷ್ಟರಲ್ಲಿ ಹಿಮ ಬೀಳತೊಡಗಿತು. ಹೆಜ್ಜೆ ಗುರುತು ಮುಚ್ಚಿಹೋಯಿತು. ಕತ್ತಲಾಗುವವರೆಗೆ ಕೂಗಿ ಕೂಗಿ ಎಲ್ಲರ ಗಂಟಲು ಕಟ್ಟಿತು. ನಾಯಿ ಬರಲಿಲ್ಲ.

ಕೂಗುವ ನಾಯಿಯಾಗಿದ್ದರೆ ಕಾಡಿನಲ್ಲಿ ಎಲ್ಲಿದ್ದರೂ ಹುಡುಕಬಹುದಿತ್ತು. ಮನೆಗೆ ಬಂದ ಮೇಲೆ ಸ್ಟಾಮೆನ್ ಭಾಮೈದನಿಗೆ ಎಲ್ಲ ಹೇಳಿದ. ಡೆಂಚೊ ಒಲೆಗೆ ಒಂದು ಸೌದೆ ಹಾಕಿದ. ಆಮೇಲೆ, "ಒಂದು ಫೋನ್ ಮಾಡಿದ್ರೆ ನಾನೇ ಬಂದು ಕರ್ಕೊಂಡು ಬರ್ತಿದ್ನಲ್ಲ ಭಾವ" ಎಂದ. ಬಯ್ದಿದ್ದರೆ ವಾಸಿಯಿತ್ತು.

ಮಾರನೆಯ ದಿನವಿಡೀ ಹುಡುಕಿದರು. ಹಿಮ ನಿಂತಿರಲಿಲ್ಲ. ಸ್ಟಾಮೆನ್ ಗಿರಣಿಯ ದಾರಿಯಲ್ಲಿ ಮೇಲಕ್ಕೂ ಕೆಳಕ್ಕೂ ಎಷ್ಟು ಸಲ ನಡೆದನೋ ಲೆಕ್ಕವಿಲ್ಲ. ಹೆಸರು ಹಿಡಿದು ಕೂಗುವುದು, ನಿಂತು ಕೇಳುವುದು, ಮತ್ತೆ ನಡೆಯುವುದು.

ಮೂರನೆಯ ಬೆಳಿಗ್ಗೆ ಬಿಸಿಲು ಬಂತು. ಅದೇ ದಾರಿಯಲ್ಲಿ, ಬಿದ್ದ ಮರವೊಂದರ ಹಿಂದೆ, ಹಿಮದ ಮೇಲೆ ಏನೋ ಕರ್ರಗೆ ಆಡಿದ್ದನ್ನು ಸ್ಟಾಮೆನ್ ಕಂಡ. ಗಾಯ್ದಾಳ ಬಾಲ ಅದು. ಹಂದಿಗೆಂದು ಯಾರೋ ಕದ್ದು ಒಡ್ಡಿದ್ದ ತಂತಿಯ ಉರುಳಿಗೆ ಮುಂಗಾಲು ಸಿಕ್ಕಿಕೊಂಡಿತ್ತು. ದಾರಿಯಿಂದ ಮೂವತ್ತು ಹೆಜ್ಜೆಯೂ ಇರಲಿಲ್ಲ. ಸುತ್ತಲಿನ ಹಿಮವೆಲ್ಲ ತುಳಿದು ಗಟ್ಟಿಯಾಗಿತ್ತು. ದಾರಿಯ ಕಡೆಗೆ ಮುಖ ಮಾಡಿ ಅದು ಕೂತಿದ್ದ ಜಾಗದಲ್ಲಿ ಮೈಶಾಖಕ್ಕೆ ಹಿಮ ಕರಗಿ ನೆಲ ಕಾಣುತ್ತಿತ್ತು. ಎರಡು ಹಗಲು ಅವನು ಹೋಗುವುದನ್ನೂ ಬರುವುದನ್ನೂ ಅದು ಅಲ್ಲಿಂದಲೇ ನೋಡಿತ್ತು. ಹೆಜ್ಜೆ ಕೇಳಿದಾಗೆಲ್ಲ, ಹೆಸರು ಹಿಡಿದು ಕೂಗಿದಾಗೆಲ್ಲ, ಕಲಿಸಿದ ಹಾಗೆ ಮೂತಿ ಕೆಳಗಿಟ್ಟು ಸುಮ್ಮನಿತ್ತು.

ಸ್ಟಾಮೆನ್ ತಂತಿ ಬಿಚ್ಚಿ, ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ಇಳಿದ. ದಾರಿಯಲ್ಲಿ ಎರಡು ಸಲ ಕೂತ. ಸುಸ್ತಾಗಿ ಅಲ್ಲ.

ಪೇಟೆಯ ಪಶುವೈದ್ಯರು ಕಾಲು ಉಳಿಸಿದರು, ಆದರೆ ಎರಡು ಬೆರಳು ತೆಗೆಯಬೇಕಾಯಿತು. ಮುಂದೆ ಅದು ಆ ಕಾಲನ್ನು ನೆಲಕ್ಕೆ ಊರಲಿಲ್ಲ. ವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಸ್ಟಾಮೆನ್ ಹೆಂಡತಿಗೆ ಹೇಳಿದ, "ಯಾರ್ಡ್ ಪಕ್ಕದ ಮನೆ ಇತ್ತಲ್ಲ, ಅಲ್ಲಿ ತೇವ ಇರ್ಲಿಲ್ಲ ರಾಡ್ಕಾ."

ಅವಳು ಅವನ ಕಡೆ ತಿರುಗಿದಳು.

"ನಾಯಿ ಬೊಗಳಲಿ ಅಂದಿದ್ದ ಆ ಯಜಮಾನ. ನನಗೇ ಆಗ್ಲಿಲ್ಲ. ದಿನಾ ಬೇರೆಯವರು ಹಳಿ ಬದಲಿಸೋದನ್ನ ನೋಡ್ಕೊಂಡು ಕೂರೋಕೆ ಆಗಲ್ಲ ಅನ್ನಿಸ್ತು."

ರಾಡ್ಕಾ ಕೈಯಲ್ಲಿದ್ದ ಕೈಗವಸುಗಳನ್ನು ಮಡಚಿದಳು, ಬಿಡಿಸಿದಳು. "ನನಗೆ ಹೇಳಿದ್ರೆ ಅರ್ಥ ಆಗ್ತಿರ್ಲಿಲ್ವಾ? ಬೇರೆ ಹುಡುಕ್ತಿದ್ವಿ. ಇಲ್ಲಾ ಅಲ್ಲೇ ಇದ್ದು ಅಭ್ಯಾಸ ಮಾಡ್ಕೊಳ್ತಿದ್ವಿ. ಸಮುದ್ರ ಕಾಣೋ ಬಾಲ್ಕನಿಯನ್ನ ನಾನು ಕೇಳೇ ಇರ್ಲಿಲ್ಲ ಸ್ಟಾಮೆನ್." ಅದಾದ ಮೇಲೆ ಅವಳು ಆ ಮಾತು ಮತ್ತೆಂದೂ ಎತ್ತಲಿಲ್ಲ. ಎತ್ತದಿದ್ದುದೇ ಅವನಿಗೆ ಭಾರವಾಗಿತ್ತು.

ತೂಂಬಾಕ್ಕೆ ವಾಪಸು ಬಂದ ಮೇಲೆ ಬಚ್ಚಿಡುವ ಮಾತೇ ಇರಲಿಲ್ಲ. ಮೂರು ಕಾಲಿನ ನಾಯಿ ಮೆಟ್ಟಿಲು ಹತ್ತಲಾರದು. ಸ್ಟಾಮೆನ್ ಅದನ್ನು ಎದೆಗೊತ್ತಿಕೊಂಡು ಹಗಲಲ್ಲೇ ಲಿಫ್ಟ್ ಹತ್ತಿದ. ಎರಡನೆಯ ಮಹಡಿಯಲ್ಲಿ ಲಿಫ್ಟ್ ನಿಂತು ಕೀರಿಯಾ ಎವಾಂಥಿಯಾ ಒಳಗೆ ಬಂದಳು. ಕೆಳಗಿಳಿಯುವವಳು ಇವರ ಜೊತೆ ಮೇಲಕ್ಕೇ ಬಂದಳು.

"ಕಾಲಿಗೆ ಏನಾಯ್ತು?" ಎಂದಳು, ನಾಯಿ ಯಾವುದು ಎಂದು ಕೇಳದೆ.

"ಉರುಳಿಗೆ ಸಿಕ್ತು." ನಾಲ್ಕು ವರ್ಷದಲ್ಲಿ ಅವನಿಗೆ ಅಷ್ಟು ಗ್ರೀಕ್ ಬಂದಿತ್ತು. "ಅಮ್ಮಾವ್ರೇ, ನಾನು ಆವತ್ತು..."

"ಮೊದಲನೇ ವಾರದಲ್ಲೇ ಗೊತ್ತಾಯ್ತು. ನನ್ನ ತಲೆ ಮೇಲೆ ಎಂಟು ಕಾಲು ಓಡಾಡ್ತಿದ್ವು, ನೀವು ಇಬ್ಬರೇ ಅಂದಿದ್ರಿ. ಸದ್ದು ಮಾಡ್ಲಿಲ್ಲ, ಅದಕ್ಕೆ ನಾನೂ ಸುಮ್ಮನಿದ್ದೆ."

"ಆವತ್ತೇ ಹೇಳಿದ್ರೆ ಕೊಡ್ತಿದ್ರಾ?"

ಎವಾಂಥಿಯಾ ಸ್ವಲ್ಪ ಯೋಚಿಸಿದಳು. "ಇಲ್ಲ. ಕೊಡ್ತಿರ್ಲಿಲ್ಲ." ಆಮೇಲೆ ಕೈಚಾಚಿ ಗಾಯ್ದಾಳ ಹಣೆಯನ್ನು ಒಂದು ಬೆರಳಲ್ಲಿ ಮುಟ್ಟಿದಳು. "ಬಾಲ್ಕನಿಗೆ ಬಿಡಿ ಇನ್ನು. ಬಿಸಿಲಿಗೆ ಮಲಗಲಿ."

ಎರಡು ವರ್ಷ ಬಿಟ್ಟು ಅವರು ಊರಾಚೆಯ ಹಳ್ಳಿಯೊಂದರಲ್ಲಿ ಮನೆ ಹಿಡಿದರು. ಹಣ್ಣಿನ ಮಾರುಕಟ್ಟೆಗೆ ಚೆರ್ರಿ ತರುತ್ತಿದ್ದ ರೈತನೊಬ್ಬ ತೋರಿಸಿದ ಮನೆ ಅದು. ಸ್ಟಾಮೆನ್ ಒಳಗೆ ಕಾಲಿಡುವ ಮೊದಲೇ, "ನನ್ನ ಹತ್ರ ನಾಯಿ ಇದೆ" ಎಂದ. ರೈತನಿಗೆ ಅದರಲ್ಲಿ ಹೇಳುವಂಥದ್ದು ಏನಿದೆಯೆಂದು ಅರ್ಥವಾಗಲಿಲ್ಲ. ಅಂಗಳ ದೊಡ್ಡದಿತ್ತು, ಅಕ್ಕಪಕ್ಕ ಹೊಲ. ಬೀದಿಯ ನಾಯಿಗಳೆಲ್ಲ ಸಂಜೆಯಾದರೆ ಒಂದಕ್ಕೊಂದು ಓಗೊಡುತ್ತಿದ್ದವು. ಗಾಯ್ದಾ ಬಾಗಿಲ ಬಳಿ ಮಲಗಿ ಕಿವಿ ನಿಮಿರಿಸಿ ಕೇಳುತ್ತಿತ್ತು. ಸ್ಟಾಮೆನ್ ಅದನ್ನು ಕೂಗು ಎಂದು ಮತ್ತೆ ಕೇಳಲಿಲ್ಲ. ಕೇಳಿದರೆ ಅದು ಮೂತಿ ಕೆಳಗಿಡುತ್ತಿತ್ತು, ಅದನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ.

ನಿದ್ದೆಯಲ್ಲಿ ಮಾತ್ರ ಒಮ್ಮೊಮ್ಮೆ ಅದರ ಕಾಲುಗಳು ಓಡುವ ಹಾಗೆ ಅಲುಗುತ್ತಿದ್ದವು. ಗಂಟಲೊಳಗೆ ಸಣ್ಣದೊಂದು ಸದ್ದು ಹುಟ್ಟುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ರಾಡ್ಕಾ ರೇಡಿಯೋ ಹಾಕಿದರೆ ಸ್ಟಾಮೆನ್ ಎದ್ದು ಹೋಗಿ ಆರಿಸಿ, ಕುರ್ಚಿ ಎಳೆದುಕೊಂಡು ನಾಯಿಯ ಪಕ್ಕ ಕೂರುತ್ತಿದ್ದ. ಎಚ್ಚರವಾದರೆ ಸದ್ದು ನಿಲ್ಲುತ್ತಿತ್ತು. ಅವನು ಅಲುಗದೆ ಕೂರುವುದನ್ನು ರೂಢಿಸಿಕೊಂಡ.

ಹದಿಮೂರನೆಯ ವಯಸ್ಸಿನಲ್ಲಿ, ಚೆರ್ರಿ ಹೂ ಬಿಡುವ ಹೊತ್ತಿಗೆ ಗಾಯ್ದಾ ತೀರಿಕೊಂಡಿತು. ಹೊಲದ ಅಂಚಿನಲ್ಲಿ ಹುಗಿಯಲು ರೈತ ಜಾಗ ಕೊಟ್ಟ.

ಮುಂದಿನ ಶರತ್ಕಾಲದಲ್ಲಿ ಡೆಂಚೊ ಬಂದವನು, ತನ್ನ ಬೇಟೆನಾಯಿ ಆರು ಮರಿ ಹಾಕಿದೆ, ಒಂದಂತೂ ಕಣ್ಣು ಬಿಡುವ ಮೊದಲೇ ಕೂಗುತ್ತದೆ ಎಂದು ಹೇಳಿದ. "ನಿನಗೆ ಅಂತಾನೇ ಇಟ್ಟಿದೀನಿ ಭಾವ. ಈಗಂತೂ ಅಂಗಳ ಇದೆಯಲ್ಲ."

"ಹೌದು, ಈಗ ಇದೆ" ಎಂದ ಸ್ಟಾಮೆನ್. ಅಂಗಳದ ಕಡೆ ನೋಡಿ, "ಬೇರೆ ಯಾರಿಗಾದ್ರೂ ಕೊಡು" ಎಂದ. ರಾಡ್ಕಾ ತಮ್ಮನಿಗೆ ಕಣ್ಣಲ್ಲೇ ಸಾಕು ಎಂದಳು. ಡೆಂಚೊ ಸೌದೆಯ ಬೆಲೆಯ ಮಾತು ಎತ್ತಿದ. ಊರಿಗೆ ಹೋದ ಮೇಲೆ ಆ ಮರಿಯನ್ನು ಪಕ್ಕದ ಹಳ್ಳಿಯ ಅರಣ್ಯ ಕಾವಲುಗಾರನೊಬ್ಬನಿಗೆ ಕೊಟ್ಟ. ಅದು ಚೆನ್ನಾಗಿ ಕೂಗುತ್ತದಂತೆ.